ಗಂಟಲಲ್ಲಿ ನಿಲ್ಲುವ ತುತ್ತು: ಅನ್ನನಾಳದ ಕ್ಯಾನ್ಸರ್ ಮತ್ತು ಮದ್ಯ

ಊಟಕ್ಕೆ ಕುಳಿತಾಗ ಅನ್ನದ ತುತ್ತು ಎದೆಯ ಬಳಿ ನಿಂತಂತಾಗುತ್ತದೆ. ಒಂದು ಗುಟುಕು ನೀರು ಕುಡಿದರೆ ಇಳಿಯುತ್ತದೆ. "ಗ್ಯಾಸ್ ಇರಬೇಕು" ಎಂದು ಜೀರಿಗೆ ಕಷಾಯ ಮಾಡಿ ಕುಡಿಯುತ್ತೇವೆ. ಕೆಲವು ವಾರ ಕಳೆದರೆ ಅನ್ನ ಬಿಟ್ಟು ಗಂಜಿ, ಮತ್ತೆ ಗಂಜಿಯ ತಿಳಿ ಮಾತ್ರ. "ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ಡಾಕ್ಟರಲ್ಲಿಗೆ ಹೋದರಾಯಿತು" ಎಂದು ದಿನ ದೂಡುತ್ತೇವೆ. ಕೃಷಿಕರಾದ ನಮ್ಮ ಈ ತಾಳ್ಮೆಯೇ ಅನ್ನನಾಳದ ಕ್ಯಾನ್ಸರಿನ ವಿಷಯದಲ್ಲಿ ನಮಗೆ ಮುಳುವಾಗುತ್ತದೆ.

2022ರಲ್ಲಿ ಜಗತ್ತಿನಲ್ಲಿ ಸುಮಾರು 5 ಲಕ್ಷ 11 ಸಾವಿರ ಮಂದಿಗೆ ಈ ರೋಗ ಹೊಸದಾಗಿ ಬಂತು. ಅದೇ ವರ್ಷ ಸುಮಾರು 4 ಲಕ್ಷ 45 ಸಾವಿರ ಮಂದಿ ಇದರಿಂದ ತೀರಿಕೊಂಡರು. ಎರಡು ಅಂಕಿಗಳು ಇಷ್ಟು ಹತ್ತಿರವಿರಲು ಮುಖ್ಯ ಕಾರಣ, ರೋಗ ತಡವಾಗಿ ಪತ್ತೆಯಾಗುವುದು.

ಇದು ವಂಶದ ರೋಗವೇ?

ತಡವಾಗಲು ಇನ್ನೊಂದು ಕಾರಣ ಮುಚ್ಚಿಡುವುದು. ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ತಿಳಿದರೆ ಹೊರಗೆ ಬಾಯಿ ಬಿಡುವುದಿಲ್ಲ. "ಆ ಮನೆಯವರ ರಕ್ತದಲ್ಲೇ ಇದೆ" ಎಂಬ ಮಾತು ಹುಟ್ಟಿ ಮಕ್ಕಳ ಮದುವೆ ಸಂಬಂಧ ತಪ್ಪಿಹೋದೀತೆಂಬ ಭಯ. ವೈದ್ಯರು "ಜೀನುಗಳಲ್ಲಿ ಬದಲಾವಣೆಯಾಗಿದೆ" ಎಂದು ಹೇಳಿದಾಗ ಈ ಭಯ ಇಮ್ಮಡಿಯಾಗುತ್ತದೆ.

ಇಲ್ಲಿ ನಾವು ಒಂದು ವ್ಯತ್ಯಾಸ ತಿಳಿಯಬೇಕು. ಜೀನುಗಳೆಂದರೆ ನಮ್ಮ ಪ್ರತಿಯೊಂದು ಜೀವಕೋಶದೊಳಗಿರುವ ವಂಶವಾಹಿಗಳು. ಜೀವಕೋಶ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬ ಸೂಚನೆ ಅವುಗಳಲ್ಲಿದೆ. ತಂದೆ ತಾಯಿಯಿಂದ ಹುಟ್ಟುವಾಗಲೇ ಬರುವ ಬದಲಾವಣೆಗಳು ಬೇರೆ. ಬದುಕಿನ ದಾರಿಯಲ್ಲಿ ಒಂದು ಅಂಗದ ಜೀವಕೋಶಗಳಲ್ಲಿ ಮಾತ್ರ ಆಗುವ ಬದಲಾವಣೆಗಳು ಬೇರೆ. ಬಹಳ ಅಪರೂಪದ ಕೆಲವು ಕುಟುಂಬಗಳನ್ನು ಬಿಟ್ಟರೆ, ಅನ್ನನಾಳದ ಕ್ಯಾನ್ಸರಿನಲ್ಲಿ ಕಾಣುವುದು ಎರಡನೆಯ ಬಗೆ. ಮಾವಿನ ಮರದ ಒಂದು ಗೆಲ್ಲಿಗೆ ಪೆಟ್ಟಾದರೆ, ಆ ಮರದ ಗೊರಟೆಯಿಂದ ಹುಟ್ಟಿದ ಸಸಿಯಲ್ಲಿ ಆ ಗಾಯ ಇರುವುದಿಲ್ಲ. ಹಾಗೆಯೇ ಅಪ್ಪನ ಅನ್ನನಾಳದಲ್ಲಾದ ಬದಲಾವಣೆ ಮಕ್ಕಳಿಗೆ ದಾಟುವುದಿಲ್ಲ.

ಮದ್ಯ ಏನು ಮಾಡುತ್ತದೆ?

ಕುಡಿದ ಮದ್ಯ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗುತ್ತದೆ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳೂ ಇದನ್ನು ತಯಾರಿಸುತ್ತವೆ; ಉಗುಳಿನೊಡನೆ ಅದು ಅನ್ನನಾಳಕ್ಕೆ ಇಳಿಯುತ್ತದೆ. ಎಎಲ್‌ಡಿಎಚ್2 ಎಂಬ ಕಿಣ್ವ ಈ ವಿಷವನ್ನು ನಿರುಪದ್ರವಿಯಾಗಿ ಮಾಡಬೇಕು. ಕಿಣ್ವದ ಕೆಲಸ ಹಿಂದೆ ಬಿದ್ದರೆ, ಕಣಿ ಮುಚ್ಚಿದ ಅಡಿಕೆ ತೋಟದಲ್ಲಿ ನೀರು ನಿಂತಂತೆ ವಿಷ ನಿಂತು ಜೀನುಗಳನ್ನು ಕೆಡಿಸುತ್ತದೆ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕೇತನ್ ಪಟೇಲ್ ಅವರ ತಂಡ 2018ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿತು. ಈ ಕಿಣ್ವವಿಲ್ಲದ ಇಲಿಗಳಿಗೆ ಮದ್ಯ ಕೊಟ್ಟಾಗ, ಕಿಣ್ವವಿದ್ದ ಇಲಿಗಳಿಗಿಂತ ನಾಲ್ಕು ಪಟ್ಟು ಹೆಚ್ಚು ಹಾನಿ ಅವುಗಳ ರಕ್ತದ ಮೂಲಕೋಶಗಳ ಡಿಎನ್‌ಎಯಲ್ಲಿ ಕಂಡುಬಂತು. ಜಪಾನ್, ಚೀನಾ, ಕೊರಿಯಾ ಕಡೆಯ ಜನರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಹುಟ್ಟಿನಿಂದಲೇ ಈ ಕಿಣ್ವ ದುರ್ಬಲ. ಸ್ವಲ್ಪ ಕುಡಿದರೂ ಅವರ ಮುಖ ಕೆಂಪಾಗುತ್ತದೆ. ಅಂಥವರು ಕುಡಿತ ಮುಂದುವರಿಸಿದರೆ ಅನ್ನನಾಳದ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚು. ನಮ್ಮ ದೇಶದಲ್ಲಿ ಈ ದೌರ್ಬಲ್ಯ ಅಷ್ಟು ಸಾಮಾನ್ಯವಲ್ಲ. ಆದರೆ ಕಿಣ್ವ ಸರಿಯಾಗಿದ್ದವರೂ ಹೆಚ್ಚು ಕುಡಿದಷ್ಟು ಅಪಾಯ ಏರುತ್ತಲೇ ಹೋಗುತ್ತದೆ.

ಸದ್ದಿಲ್ಲದೆ ಹಬ್ಬುವ ಕಳೆ

ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು 2018ರಲ್ಲಿ, ತೀರಿಕೊಂಡ ಬಳಿಕ ಅಂಗದಾನ ಮಾಡಿದ 9 ಮಂದಿಯ ಆರೋಗ್ಯವಂತ ಅನ್ನನಾಳವನ್ನು ಪರೀಕ್ಷಿಸಿದರು. ಇಪ್ಪತ್ತರ ಹರೆಯದಲ್ಲೇ ಒಂದೊಂದು ಜೀವಕೋಶದಲ್ಲಿ ನೂರಾರು ಬದಲಾವಣೆಗಳಿದ್ದವು. ಇಳಿವಯಸ್ಸಿನಲ್ಲಿ 2,000ಕ್ಕೂ ಹೆಚ್ಚು. ಮರುವರ್ಷ, 2019ರಲ್ಲಿ, ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೇಶಿ ಒಗಾವ ಅವರ ತಂಡವೂ ಇಂಥದೇ ಫಲಿತಾಂಶ ಪ್ರಕಟಿಸಿತು. ಬದಲಾದ ಜೀವಕೋಶಗಳು ಗದ್ದೆಯಲ್ಲಿ ಕಳೆ ಹಬ್ಬುವಂತೆ ವಯಸ್ಸಿನೊಂದಿಗೆ ಹಬ್ಬುತ್ತವೆ. ವಿಪರೀತ ಕುಡಿಯುವವರಲ್ಲಿ, ಧೂಮಪಾನಿಗಳಲ್ಲಿ ಅವು ಬಹಳ ಹೆಚ್ಚುತ್ತವೆ ಎಂದು ಅವರು ತೋರಿಸಿದರು.

ಇದನ್ನು ಓದಿ ಹೆದರಬೇಕಾಗಿಲ್ಲ. ಈ ಕಳೆಯಲ್ಲಿ ಹೆಚ್ಚಿನದು ಎಂದೂ ಕ್ಯಾನ್ಸರ್ ಆಗುವುದಿಲ್ಲ. ಆದರೆ ಟಿಪಿ53 ಎಂಬ ಕಾವಲುಗಾರ ಜೀನು ಕೆಟ್ಟ ಜೀವಕೋಶದಲ್ಲಿ ಇನ್ನಷ್ಟು ಕೆಡುಕು ಸೇರಿದರೆ ಅದು ಕ್ಯಾನ್ಸರಿನ ದಾರಿ ಹಿಡಿಯಬಹುದು. ವಯಸ್ಸನ್ನು ನಾವು ತಡೆಯಲಾರೆವು. ಕಳೆಗೆ ಗೊಬ್ಬರ ಹಾಕುವುದನ್ನು ನಿಲ್ಲಿಸಬಲ್ಲೆವು.

ಕಳ್ಳು ತಂಪಲ್ಲವೇ?

"ನಮ್ಮದೇ ಮರದ ಕಳ್ಳು, ದೇಹಕ್ಕೆ ತಂಪು" ಎನ್ನುವವರಿದ್ದಾರೆ. ರೋಸಿಗೆ, ಮದುವೆಗೆ, ಜ್ಞಾನಸ್ನಾನದ ಊಟಕ್ಕೆ ಗ್ಲಾಸು ಬೇಕೇ ಬೇಕು ಎನ್ನುವವರಿದ್ದಾರೆ. ಕಳ್ಳು, ಗೇರುಹಣ್ಣಿನ ಸಾರಾಯಿ, ಬ್ರಾಂಡಿ, ವೈನ್ ಎಲ್ಲದರಲ್ಲೂ ಇರುವುದು ಒಂದೇ ಮದ್ಯಸಾರ. ಪ್ರಮಾಣ ಮಾತ್ರ ಬೇರೆ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕವೆಂದು ಸಾರಿದೆ. ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಕುಡಿತದೊಂದಿಗೆ ಬೀಡಿ, ಸಿಗರೇಟು ಸೇರಿದರೆ ಅಪಾಯ ಹಲವು ಪಟ್ಟು ಏರುತ್ತದೆ. ಎಲೆಯಡಿಕೆಯೂ ಅನ್ನನಾಳಕ್ಕೆ ಅಪಾಯಕಾರಿ, ಹೊಗೆಸೊಪ್ಪು ಸೇರಿಸದಿದ್ದರೂ ಸಹ. ಅಡಿಕೆ ಬೆಳೆದು ಬದುಕುವ ನಮಗೆ ಈ ಮಾತು ಕಹಿ, ಆದರೂ ಹೇಳದೆ ವಿಧಿಯಿಲ್ಲ.

ಈಗ ಬಿಟ್ಟರೆ ಪ್ರಯೋಜನವುಂಟೇ?

ಉಂಟು. ಕುಡಿತ ಕಡಿಮೆ ಮಾಡಿದರೆ ಅಥವಾ ಬಿಟ್ಟರೆ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರಿನ ಅಪಾಯ ತಗ್ಗುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆಯಿದೆಯೆಂದು ಅದೇ ಸಂಶೋಧನಾ ಸಂಸ್ಥೆ 2023ರಲ್ಲಿ ತಿಳಿಸಿತು. ಒಂದೇ ದಿನದಲ್ಲಲ್ಲ, ವರ್ಷಗಳು ಹಿಡಿಯುತ್ತವೆ. ಆದ್ದರಿಂದ ಬೇಗ ಬಿಟ್ಟಷ್ಟೂ ಲಾಭ. ಒಂದು ಎಚ್ಚರಿಕೆ: ಪ್ರತಿದಿನ ವಿಪರೀತ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಕೈ ನಡುಕ, ಭ್ರಮೆ, ಅಪಸ್ಮಾರ ಬರಬಹುದು. ಅಂಥವರನ್ನು ಕೋಣೆಯಲ್ಲಿ ಕೂಡಿಹಾಕದೆ ವೈದ್ಯರ ಸಹಾಯದಿಂದ ಬಿಡಿಸಬೇಕು.

ಮನೆಯವರು ಗಮನಿಸಬೇಕಾದುದು

* ಎರಡು ಮೂರು ವಾರ ಕಳೆದರೂ ತುತ್ತು ನಿಲ್ಲುವುದು, ನುಂಗುವಾಗ ನೋವು
* ಕಾರಣವಿಲ್ಲದೆ ತೂಕ ಇಳಿಯುವುದು
* ಸ್ವರ ಒಡೆಯುವುದು, ಬಿಡದ ಕೆಮ್ಮು
* ವಾಂತಿಯಲ್ಲಿ ರಕ್ತ, ಮಲ ಕಪ್ಪಾಗುವುದು

ಇವುಗಳಲ್ಲಿ ಒಂದಿದ್ದರೂ ಎಂಡೋಸ್ಕೋಪಿ ಬೇಕೇ ಎಂದು ವೈದ್ಯರನ್ನು ಕೇಳಿರಿ. ಬಾಯಿಯ ಮೂಲಕ ಸಣ್ಣ ಕೊಳವೆ ಇಳಿಸಿ ನೋಡುವ ಈ ಪರೀಕ್ಷೆ ಕೆಲವೇ ನಿಮಿಷಗಳದ್ದು. ಒಳಪೊರೆಯಲ್ಲಿ ಮಾತ್ರ ಇರುವ ಆರಂಭದ ರೋಗವನ್ನು ಎಷ್ಟೋ ಬಾರಿ ಕೊಳವೆಯ ಮೂಲಕವೇ ತೆಗೆಯಬಹುದು. ಮುಂದುವರಿದರೆ ಶಸ್ತ್ರಚಿಕಿತ್ಸೆ, ವಿಕಿರಣ, ಔಷಧ ಎಲ್ಲವೂ ಬೇಕಾದೀತು. ಕಾಸರಗೋಡಿನ ಕಡೆಯವರಿಗೆ ಮಂಗಳೂರಿನ ಆಸ್ಪತ್ರೆಗಳೂ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರೂ ದೂರವಲ್ಲ.

ಹಿಂಗಾರಕ್ಕೆ ರೋಗ ತಗಲಿದರೆ ಮರುದಿನವೇ ಔಷಧ ಸಿಂಪಡಿಸುವವನನ್ನು ಕರೆಯುವವರು ನಾವು. ಮನೆಯ ಯಜಮಾನನ ಗಂಟಲಿಗೆ ಕೊಯ್ಲು ಮುಗಿಯುವ ತನಕ ಕಾಯುವುದು ಬೇಡ. ರೋಗಿ ಇರುವ ಮನೆಗೆ ಹೋದಾಗ "ರಕ್ತದ ರೋಗ" ಎಂಬ ಮಾತನ್ನೂ ಆಡುವುದು ಬೇಡ.