ಮಕ್ಕಳ ಜೊತೆ ವಿದೇಶಿ ದ್ವೀಪ ಪ್ರವಾಸ: ಅಡ್ವಾನ್ಸ್ ಕೊಡೋ ಮೊದಲು ಜನನ ಪ್ರಮಾಣಪತ್ರ ತೆಗೆದು ನೋಡಿ

ಬಸವಕಲ್ಯಾಣ/ಹುಮನಾಬಾದ್: ಶಾಲೆಗೆ ಸೂಟಿ ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ನೀಲಿ ಸಮುದ್ರದ ಫೋಟೊಗಳು ಓಡಾಡಲು ಶುರುವಾಗುತ್ತವೆ. ‘ಮಾಲ್ಡೀವ್ಸ್ 4 ರಾತ್ರಿ 5 ಹಗಲು’, ‘ಬಾಲಿ ಫ್ಯಾಮಿಲಿ ಪ್ಯಾಕೇಜ್’, ‘ಇಂದೇ ಬುಕ್ ಮಾಡಿ’. ಮೊದಲೆಲ್ಲಾ ಇದು ಹೈದರಾಬಾದ್, ಪುಣೆಯವರ ಮಾತಾಗಿತ್ತು. ಈಗ ಕಂಪನಿ ಸ್ಕೀಮಿನಲ್ಲಿ ಬ್ಯಾಂಕಾಕ್ ನೋಡಿ ಬಂದ ಸಿಮೆಂಟ್, ಗೊಬ್ಬರ, ಟೈರ್ ಡೀಲರ್‌ಗಳ ಮನೆಯಲ್ಲೂ ‘ನಮ್ಮನ್ನ ಯಾವಾಗ ಕರ್ಕೊಂಡು ಹೋಗ್ತೀರಿ’ ಅನ್ನೋ ಪ್ರಶ್ನೆ ಇದೆ.

ಹೋಗೋದು ಈಗ ಅಷ್ಟು ಕಷ್ಟವಲ್ಲ. ಆದರೆ ಮೊದಲು ಪ್ಯಾಕೇಜ್ ಆರಿಸಿ, ಅಡ್ವಾನ್ಸ್ ಕೊಟ್ಟು, ಆಮೇಲೆ ಮಕ್ಕಳ ಕಾಗದ ಹುಡುಕಲು ಕೂತರೆ ಸಿಕ್ಕಿಹಾಕಿಕೊಳ್ಳೋದು ಖಚಿತ. ಅದರಲ್ಲೂ ನಮ್ಮ ಗಡಿ ತಾಲ್ಲೂಕುಗಳಲ್ಲಿ.

ತವರಿನ ಹೆರಿಗೆ, ಅಲ್ಲಿಯ ಕಾಗದ

ಮಗು ಎಷ್ಟೇ ಸಣ್ಣದಿರಲಿ, ಅದಕ್ಕೆ ಬೇರೆ ಪಾಸ್‌ಪೋರ್ಟ್ ಬೇಕು. 2023ರ ಅಕ್ಟೋಬರ್ 1ರಂದು ಅಥವಾ ನಂತರ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರ ಬಿಟ್ಟು ಬೇರೇನೂ ನಡೆಯಲ್ಲ. ಅದಕ್ಕೂ ಮೊದಲು ಹುಟ್ಟಿದವರಿಗೆ ಬೇರೆ ಕೆಲವು ದಾಖಲೆಗಳಿಗೆ ಅವಕಾಶವಿದ್ದರೂ, ಜನನ ಪ್ರಮಾಣಪತ್ರ ಸರಿಯಿದ್ದರೆ ಕೆಲಸ ಸಲೀಸು.

ಸಮಸ್ಯೆ ಶುರುವಾಗೋದು ಇಲ್ಲಿಂದಲೇ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ಪದ್ಧತಿ. ನಮ್ಮ ಸೊಸೆಯಂದಿರ ತವರು ಉಮರ್ಗಾ, ಲಾತೂರ, ಸೊಲ್ಲಾಪುರ, ಜಹೀರಾಬಾದ್ ಕಡೆ ಇರುವುದೂ ಸಾಮಾನ್ಯ. ಹೆರಿಗೆ ಎಲ್ಲಿ ಆಯಿತೋ ನೋಂದಣಿ ಅಲ್ಲೇ. ಬಸವಕಲ್ಯಾಣ ನಗರಸಭೆಯಲ್ಲೋ ಹುಮನಾಬಾದ್ ಪುರಸಭೆಯಲ್ಲೋ ಎಷ್ಟು ಸಲ ಕೇಳಿದರೂ ಆ ಮಗುವಿನ ಹೆಸರು ಸಿಗಲ್ಲ. ಹೆರಿಗೆಯಾದ ಊರಿಗೇ ಹೋಗಿ ತರಬೇಕು.

ಎರಡನೇದು, ಹೆಸರಿನ ಕಾಲಂ. ತೊಟ್ಟಿಲು ಕಾರ್ಯಕ್ರಮಕ್ಕಿಂತ ಮೊದಲೇ ಆಸ್ಪತ್ರೆಯಿಂದ ನೋಂದಣಿ ಆಗಿರುತ್ತದೆ. ಹೀಗಾಗಿ ಹಳೆಯ ಪ್ರಮಾಣಪತ್ರ ತೆಗೆದು ನೋಡಿದರೆ ಮಗುವಿನ ಹೆಸರಿನ ಜಾಗ ಖಾಲಿ ಇರುವುದುಂಟು. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೆ ತಡಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ತಾಯಿಯ ಹೆಸರೂ ನೋಡಿ. ತವರಿನ ಆಸ್ಪತ್ರೆಯಲ್ಲಿ ತವರಿನ ಅಡ್ಡಹೆಸರು ಬರೆಸಿ, ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರು ಇದ್ದರೆ ಕೌಂಟರಿನಲ್ಲಿ ಪ್ರಶ್ನೆ ಬಂದೇ ಬರುತ್ತದೆ. ಜನನವೇ ನೋಂದಣಿ ಆಗದೆ ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ. ಅದು ಒಂದೆರಡು ವಾರದಲ್ಲಿ ಮುಗಿಯುವ ಕೆಲಸವಲ್ಲ.

ಪಾಸ್‌ಪೋರ್ಟ್ ಅರ್ಜಿ ಆನ್‌ಲೈನ್. ನಮ್ಮ ಭಾಗ ಬೆಂಗಳೂರು ಪ್ರಾದೇಶಿಕ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಕಲಬುರಗಿ ಕೇಂದ್ರದಲ್ಲಿ ದಿನಾಂಕ ತೆಗೆದುಕೊಂಡರೆ ಹುಮನಾಬಾದ್‌ನಿಂದ ರೈಲಿನಲ್ಲೇ ಹೋಗಿ ಬರಬಹುದು. ಮಗುವನ್ನೂ ಕರೆದೊಯ್ಯಬೇಕು. 4 ವರ್ಷದೊಳಗಿನ ಮಗುವಿಗೆ ಬಿಳಿ ಹಿನ್ನೆಲೆಯ ಫೋಟೊ ಒಯ್ಯಿರಿ. ಶುಲ್ಕ ದೊಡ್ಡವರಿಗೆ 1,500 ರೂ., ಮಕ್ಕಳಿಗೆ 1,000 ರೂ., 8 ವರ್ಷದೊಳಗಿನವರಿಗೆ ಶೇ 10 ರಿಯಾಯಿತಿ. ತಂದೆ-ತಾಯಿ ಇಬ್ಬರೂ ಒಪ್ಪಿಗೆ ಕೊಡುವ ‘ಅನುಬಂಧ ಡಿ’ ಖಾಲಿ ಹಾಳೆಯಲ್ಲಿ ಸಾಕು. ಸ್ಟಾಂಪ್ ಪೇಪರ್, ನೋಟರಿ ಅಂತ ಯಾರಾದರೂ ರೊಕ್ಕ ಕೇಳಿದರೆ ಕೊಡಬೇಕಿಲ್ಲ.

ಪಾಸ್‌ಪೋರ್ಟ್ ಈಗಾಗಲೇ ಇದೆ ಅನ್ನುವವರೂ ಒಮ್ಮೆ ತೆರೆದು ನೋಡಿ. ದೊಡ್ಡವರದು 10 ವರ್ಷ ನಡೆಯುತ್ತದೆ, ಮಕ್ಕಳದು 5 ವರ್ಷಕ್ಕೇ ಮುಗಿಯುತ್ತದೆ. ಅಪ್ಪ-ಅಮ್ಮನದು ನಡೀತದೆ ಅಂತ ಮಗುವಿನದನ್ನು ನೋಡದೇ ಟಿಕೆಟ್ ಮಾಡಬೇಡಿ. ಇನ್ನೂ 6 ತಿಂಗಳು ಅವಧಿ ಬಾಕಿ ಇರಬೇಕು ಅನ್ನೋದು ಬಹುತೇಕ ದೇಶಗಳ ನಿಯಮ.

ಸೂಟಿ ಯಾವಾಗ, ಸಮುದ್ರ ಹೇಗೆ

ಮಕ್ಕಳಿಗೆ ಬಿಡುವು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ಬಟ್ಟೆ, ಬಂಗಾರ, ಕಿರಾಣಿ ಅಂಗಡಿಯವರಿಗೆ ಅದೇ ಲಗ್ನದ ಸೀಜನ್, ಶಟರ್ ಎಳೆಯಲು ಮನಸ್ಸು ಬರಲ್ಲ. ಉಳಿಯೋದು ದಸರಾ ಸೂಟಿ. ಅದರ ಬೆನ್ನಿಗೇ ದೀಪಾವಳಿ ವ್ಯಾಪಾರ. ಈ ಎರಡರಲ್ಲಿ ಯಾವುದು ಅಂತ ಮನೆಯಲ್ಲಿ ಕೂತು ತೀರ್ಮಾನಿಸಿ, ಆಮೇಲೆ ದ್ವೀಪ ಆರಿಸಬೇಕು. ಏಜೆಂಟರ ಫೋಟೊದಲ್ಲಿ ವರ್ಷಪೂರ್ತಿ ಬಿಸಿಲೇ ಇರುತ್ತದೆ.

ಮಾಲ್ಡೀವ್ಸ್ ಮತ್ತು ಥಾಯ್ಲೆಂಡಿನ ಫುಕೆಟ್‌ನಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಫುಕೆಟ್ ಕಡಲತೀರದಲ್ಲಿ ಆಗ ಕೆಂಪು ಬಾವುಟ ಹಾರಿಸುತ್ತಾರೆ, ಅಂದರೆ ನೀರಿಗೆ ಇಳಿಯಬಾರದು. ಆ ದಿನಗಳಲ್ಲಿ ಪ್ಯಾಕೇಜ್ ಅಗ್ಗ ಸಿಗೋದಕ್ಕೆ ಇದೂ ಕಾರಣ. ಶ್ರೀಲಂಕಾದಲ್ಲಿ ಮೇ ನಂತರ ಗಾಲೆ, ಬೆಂತೋಟ ಇರುವ ಪಶ್ಚಿಮ-ದಕ್ಷಿಣ ತೀರ ಒರಟಾಗುತ್ತದೆ. ಅದೇ ಹೊತ್ತಿಗೆ ಪೂರ್ವದ ತ್ರಿಂಕೋಮಲೆ ಕಡೆ ಸಮುದ್ರ ತಣ್ಣಗಿರುತ್ತದೆ. ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್ ಒಣಗಾಲ, ಹೀಗಾಗಿ ಬೇಸಿಗೆಗೂ ದಸರಾಕ್ಕೂ ಹೊಂದುತ್ತದೆ. ಮಾರಿಷಸ್‌ಗೆ ದಸರಾ ಚಲೋ. ನವೆಂಬರ್‌ನಿಂದ ಏಪ್ರಿಲ್ ಅಲ್ಲಿ ಚಂಡಮಾರುತದ ಕಾಲ.

ನಮ್ಮ ಮಕ್ಕಳು ಸಮುದ್ರ ಕಂಡವರಲ್ಲ. ಬಾವಿಯಲ್ಲಿ ಈಜು ಕಲಿತ ಹುಡುಗನಿಗೂ ಅಲೆಯ ಎಳೆತ ಹೊಸದು. ಮಾರಿಷಸ್‌ನ ಬಹುಭಾಗ ತೀರಕ್ಕೆ ಹವಳದ ದಿಬ್ಬವೇ ಗೋಡೆ ಇದ್ದಂತೆ, ಒಳಗಿನ ನೀರು ಕೆರೆಯ ಹಾಗೆ ನಿಂತಿರುತ್ತದೆ. ಸಣ್ಣ ಮಕ್ಕಳಿರುವವರಿಗೆ ಇದು ದೊಡ್ಡ ಅನುಕೂಲ. ಎಲ್ಲೇ ಹೋದರೂ ಬೋಟಿನಲ್ಲಿ ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯೇ ಅಂತ ಮೊದಲೇ ಕೇಳಿ.

‘ಪರ್ ಪರ್ಸನ್’ ರೇಟಿನ ಹೊರಗಿರುವ ಖರ್ಚು

ಮಾಲ್ಡೀವ್ಸ್ ವೀಸಾಕ್ಕೆ ಹಣ ಕೊಡಬೇಕಿಲ್ಲ, ಇಳಿದ ಮೇಲೆ 30 ದಿನಕ್ಕೆ ಸಿಗುತ್ತದೆ. ಆದರೆ ಏರ್‌ಪೋರ್ಟ್‌ನಿಂದ ರೆಸಾರ್ಟ್ ಇರುವ ದ್ವೀಪಕ್ಕೆ ಸ್ಪೀಡ್ ಬೋಟ್ ಅಥವಾ ಸೀಪ್ಲೇನ್ ಬೇಕು, ಅದಕ್ಕೆ ತಲೆಗಿಷ್ಟು ಅಂತ ರೇಟು. ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರುತ್ತದೆ. ನಿಮ್ಮ ವಿಮಾನ ಸಂಜೆ ಇಳಿದರೆ ಒಂದು ರಾತ್ರಿ ಮಾಲೆಯಲ್ಲಿ ಹೆಚ್ಚಿನ ಖರ್ಚು. ಇದರ ಮೇಲೆ 2025ರಿಂದ ರೆಸಾರ್ಟ್‌ಗಳಲ್ಲಿ ದಿನಕ್ಕೆ ತಲಾ 12 ಡಾಲರ್ ಹಸಿರು ತೆರಿಗೆ, 2 ವರ್ಷದೊಳಗಿನ ಮಕ್ಕಳಿಗೆ ಮಾತ್ರ ವಿನಾಯಿತಿ. ನಾಲ್ಕು ಜನ ನಾಲ್ಕು ದಿನ ಅಂದರೆ 192 ಡಾಲರ್ ಅಲ್ಲೇ ಹೋಯಿತು. ಊರಿನ ಜನ ವಾಸಿಸುವ ಮಾಫುಶಿಯಂಥ ದ್ವೀಪದ ಸಣ್ಣ ಗೆಸ್ಟ್‌ಹೌಸಿನಲ್ಲಿ ಇದು 6 ಡಾಲರ್.

ಬಾಲಿಗೆ ವೀಸಾ ತಲಾ 5 ಲಕ್ಷ ಇಂಡೋನೇಷ್ಯಾ ರುಪಯಾ, ಮಕ್ಕಳಿಗೂ ಅಷ್ಟೇ. ಜೊತೆಗೆ ದ್ವೀಪದ್ದೇ ಶುಲ್ಕ 1.5 ಲಕ್ಷ ರುಪಯಾ. ಕೇಳಲು ಗಾಬರಿಯಾಗುತ್ತದೆ, ನಮ್ಮ ಲೆಕ್ಕದಲ್ಲಿ ಕೆಲವು ಸಾವಿರ ರೂಪಾಯಿ. ಮಾರಿಷಸ್‌ಗೆ ಪ್ರವಾಸಕ್ಕೆ ಹೋಗುವ ಭಾರತೀಯರಿಗೆ ವೀಸಾ ಬೇಡ. ಶ್ರೀಲಂಕಾಕ್ಕೆ ಹೊರಡುವ ಮುಂಚೆ ಆನ್‌ಲೈನ್ ಅನುಮತಿ ಪಡೆಯಬೇಕು. ಈ ನಿಯಮಗಳು ಆಗಾಗ ಬದಲಾಗುತ್ತವೆ, ಟಿಕೆಟ್ ಮಾಡುವ ದಿನ ಆ ದೇಶದ ಸರ್ಕಾರಿ ವೆಬ್‌ಸೈಟನ್ನೇ ನೋಡಿ. ಬಸ್ಸಿನ ಹಾಗೆ ಅರ್ಧ ಟಿಕೆಟ್ ಅಂದುಕೊಳ್ಳಬೇಡಿ. 2 ವರ್ಷ ತುಂಬಿದ ಮಗುವಿಗೆ ವಿಮಾನದಲ್ಲಿ ಪೂರ್ತಿ ಸೀಟು.

ಅಂಗಡಿಯವರು ಗಮನಿಸಬೇಕಾದ್ದು ತೆರಿಗೆ. ಪ್ಯಾಕೇಜ್ ಮೇಲೆ ಜಿಎಸ್‌ಟಿ ಜೊತೆ ಟಿಸಿಎಸ್ ಹಿಡಿಯುತ್ತಾರೆ. ಟಿಸಿಎಸ್ ದರ ಬಜೆಟ್‌ಗಳಲ್ಲಿ ಹಲವು ಸಲ ಬದಲಾಗಿದೆ, ಕೊಟ್ಟ ರೇಟಿನಲ್ಲಿ ಅದು ಸೇರಿದೆಯೇ ಕೇಳಿ. ಇದು ಕಳೆದುಹೋಗುವ ಹಣವಲ್ಲ, ಪ್ಯಾನ್ ಮೇಲೆ ಜಮಾ ಆಗಿರುತ್ತದೆ, ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ರಿಟರ್ನ್ ಹಾಕದವರ ಪ್ಯಾನ್ ಕೊಟ್ಟು ಬುಕ್ ಮಾಡಿದರೆ ಮಾತ್ರ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದು: ವರ್ಷದಲ್ಲಿ ವಿದೇಶ ಪ್ರಯಾಣಕ್ಕೆ, ತಮಗಾಗಲಿ ಮನೆಯವರಿಗಾಗಲಿ, 2 ಲಕ್ಷ ರೂ.ಗಿಂತ ಹೆಚ್ಚು ಖರ್ಚು ಮಾಡಿದವರು ಆದಾಯ ಮಿತಿಯೊಳಗಿದ್ದರೂ ರಿಟರ್ನ್ ಸಲ್ಲಿಸಲೇಬೇಕು. ಕಂಪನಿ ಸ್ಕೀಮಿನ ಟೂರ್ ಕೂಡ ಪೂರ್ತಿ ಪುಕ್ಕಟೆ ಅಲ್ಲ. 20 ಸಾವಿರ ರೂ. ದಾಟಿದ ಇಂಥ ಲಾಭಕ್ಕೆ 2022ರ ಜುಲೈನಿಂದ ಶೇ 10 ಟಿಡಿಎಸ್ ಇದೆ.

ಏಜೆಂಟರಿಗೆ ಹಣ ಕೊಟ್ಟ ಮೇಲೆ ಪಿಎನ್‌ಆರ್ ನಂಬರ್ ಇಸಿದುಕೊಂಡು ವಿಮಾನ ಕಂಪನಿಯ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ. ಯಾರದೋ ಖಾಸಗಿ ಫೋನ್‌ಪೇ ನಂಬರಿಗೆ ಹಾಕಬೇಡಿ, ಬಿಲ್ ಕೇಳಿ. ಅಲ್ಲಿಯ ಖರ್ಚಿಗೆ ಮಾರಿಷಸ್, ಶ್ರೀಲಂಕಾಗಳಲ್ಲಿ 2024ರ ಫೆಬ್ರವರಿಯಿಂದ ನಮ್ಮ ಯುಪಿಐ ನಡೆಯುತ್ತದೆ. ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಸೌಲಭ್ಯ ಆನ್ ಮಾಡಿಕೊಂಡಿರಬೇಕು.

ರೊಟ್ಟಿ ಗಂಟು ಮತ್ತು ಶಂಷಾಬಾದ್ ದಾರಿ

ಊಟದ ಚಿಂತೆ ಇರುವ ಮನೆಯವರಿಗೆ ಮಾರಿಷಸ್ ಹಗುರ. 1834ರಿಂದ ಕಬ್ಬಿನ ಗದ್ದೆಗೆ ಹೋದ ಭಾರತೀಯ ಕೂಲಿಗಳ ಮೊಮ್ಮಕ್ಕಳ ನಾಡು ಅದು. ಮರಾಠಿ, ತೆಲುಗು ಮೂಲದವರೂ ಇದ್ದಾರೆ. ಬೇಳೆ ತುಂಬಿದ ‘ದಾಲ್ ಪುರಿ’ ರಸ್ತೆ ಬದಿಯಲ್ಲೇ ಸಿಗುತ್ತದೆ. ಮಾಲ್ಡೀವ್ಸ್ ದ್ವೀಪದಲ್ಲಿ ರೆಸಾರ್ಟ್ ಬಿಟ್ಟರೆ ಬೇರೆ ಹೋಟೆಲ್ ಇರಲ್ಲ, ಊಟ ಸೇರಿಸಿಯೇ ಬುಕ್ ಮಾಡಬೇಕು. ಪೂಜೆಯ ಮೂರ್ತಿ ಒಯ್ಯಲು ಅಲ್ಲಿ ನಿಷೇಧವಿದೆ, ಮದ್ಯಕ್ಕೂ ಅಷ್ಟೇ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ದೊಡ್ಡ ಬ್ಯಾಗಿನಲ್ಲಿಡಿ. ಖಾರಪುಡಿ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತೆಗೆಸುತ್ತಾರೆ. ಒಣ ಕೊಬ್ಬರಿ ಬೇಡವೇ ಬೇಡ.

ನಮಗೆ ಹತ್ತಿರದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಶಂಷಾಬಾದ್. ಸಸ್ತಾಪುರ ಬಂಗ್ಲಾದಿಂದಲೋ ಹುಮನಾಬಾದ್‌ನಿಂದಲೋ ಹೆದ್ದಾರಿ 65 ಹಿಡಿದು, ಜಹೀರಾಬಾದ್, ಸಂಗಾರೆಡ್ಡಿ ದಾಟಿ, ಪಟಾನ್‌ಚೆರು ಹತ್ತಿರ ಹೊರವರ್ತುಲ ರಸ್ತೆ ಏರಿದರೆ ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ಮೂರೂವರೆ-ನಾಲ್ಕು ತಾಸು ಹಿಡಿಯಿರಿ. ವಿಮಾನ ಹೊರಡುವ 3 ತಾಸು ಮುಂಚೆ ಅಲ್ಲಿರಬೇಕು. ವಿದೇಶಿ ವಿಮಾನಗಳು ಹೆಚ್ಚಾಗಿ ನಡುರಾತ್ರಿ ಹೊರಡುತ್ತವೆ. ಟಿಕೆಟ್ ಮೇಲೆ 12ನೇ ತಾರೀಕು ರಾತ್ರಿ 1.30 ಅಂತ ಇದ್ದರೆ, ಮನೆ ಬಿಡಬೇಕಾದ್ದು 11ನೇ ತಾರೀಕು ಸಂಜೆ 6 ಗಂಟೆಗೆ.