ಉಸಿರೆಣಿಸುವ ವಿದ್ಯೆ

ಹೊಟ್ಟೆಯ ಆಪರೇಷನ್ ಆದ ರೋಗಿಯ ಪಕ್ಕದಲ್ಲಿ ನುರಿತ ನರ್ಸ್ ನಿಂತಾಗ ಅವರ ಕಣ್ಣನ್ನು ಗಮನಿಸಿ. ಬೆರಳು ನಾಡಿಯ ಮೇಲಿರುತ್ತದೆ, ನೋಟ ಮಾತ್ರ ಎದೆಯ ಏರಿಳಿತದ ಮೇಲೆ. ಉಸಿರನ್ನು ಯಾರೋ ಎಣಿಸುತ್ತಿದ್ದಾರೆಂದು ಗೊತ್ತಾದರೆ ಅದರ ಲಯವೇ ಬದಲಾಗುತ್ತದೆ; ನಾಡಿ ನೋಡುತ್ತಿದ್ದಾರೆಂದೇ ರೋಗಿ ತಿಳಿದುಕೊಳ್ಳಲಿ ಎಂದು ಈ ಉಪಾಯ. ವಯಸ್ಕರಿಗೆ ನಿಮಿಷಕ್ಕೆ 12ರಿಂದ 20 ಉಸಿರು ಸಹಜ. ಎಣಿಸುವುದನ್ನು ಮೊದಲ ವರ್ಷದಲ್ಲೇ ಕಲಿಯಬಹುದು. 26 ಬಂದಾಗ ಒಳಗೆ ಏನು ನಡೆದಿರಬಹುದೆಂದು ಊಹಿಸಲು ಇನ್ನೂ ಬಹಳ ಓದಬೇಕು.

ಆಪರೇಷನ್ ನಂತರ ಒಳಗೇ ರಕ್ತ ಸೋರುತ್ತಿದೆ ಎಂದಿಟ್ಟುಕೊಳ್ಳಿ. ದೇಹ ರಕ್ತನಾಳಗಳನ್ನು ಬಿಗಿಹಿಡಿದು, ಹೃದಯವನ್ನು ವೇಗವಾಗಿ ದುಡಿಸಿ, ಸ್ವಲ್ಪ ಹೊತ್ತು ಬಿಪಿ ಬೀಳದಂತೆ ಕಾಯುತ್ತದೆ. ಚಾರ್ಟಿನಲ್ಲಿ 120/80 ಎಂದೇ ಇರುತ್ತದೆ. ಆದರೆ 84 ಇದ್ದ ನಾಡಿ 112ಕ್ಕೆ ಬಂದಿದೆ, ಮೂತ್ರದ ಚೀಲಕ್ಕೆ ಗಂಟೆಗೆ 30 ಮಿಲಿಲೀಟರೂ ಇಳಿದಿಲ್ಲ, ಪಾದ ತಣ್ಣಗಿದೆ, ರೋಗಿ ಚಡಪಡಿಸುತ್ತಿದ್ದಾರೆ. ಮನೆಯವರು, "ಸಿಸ್ಟರ್, ನಿದ್ದೆ ಬರ್ತಿಲ್ಲ ಅನ್ಸುತ್ತೆ, ಏನಾದ್ರೂ ಇಂಜೆಕ್ಷನ್ ಕೊಡಿ" ಅನ್ನುತ್ತಾರೆ. ಶರೀರಶಾಸ್ತ್ರವನ್ನು ಅರಗಿಸಿಕೊಂಡವರು ಆಗ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಆಪರೇಷನ್ ಆಗಿ ಎಷ್ಟು ಗಂಟೆಯಾಯಿತು, ನಾಡಿ ಎಷ್ಟಿದ್ದದ್ದು ಎಷ್ಟಾಗಿದೆ, ಮೂತ್ರ ಎಷ್ಟು, ತಮ್ಮ ಅನುಮಾನವೇನು ಎಂದು ಒಂದೇ ಉಸಿರಿಗೆ ಹೇಳಿ, "ಈಗಲೇ ಬನ್ನಿ ಸರ್" ಎನ್ನುತ್ತಾರೆ. ನಡುರಾತ್ರಿ ಹಾಗೆ ಹೇಳುವ ಧೈರ್ಯವೂ ವಿದ್ಯೆಯ ಒಂದು ಭಾಗವೇ. ಬಿಪಿ ಕುಸಿಯಲೆಂದು ಕಾದರೆ ತಡವಾಗಿರುತ್ತದೆ.

ಇಂಥ ವಿದ್ಯೆಯ ಬೆಲೆಯನ್ನು ಲೆಕ್ಕಹಾಕಿ ತೋರಿಸಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲಿಂಡಾ ಏಕೆನ್. ಅವರೂ ನರ್ಸಿಂಗ್ ಓದಿದವರೇ. ಅವರ ತಂಡ ಆ ರಾಜ್ಯದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಪದವೀಧರ ನರ್ಸ್‌ಗಳ ಪ್ರಮಾಣ ಶೇ. 10 ಅಂಶ ಹೆಚ್ಚಿದ್ದಲ್ಲಿ, ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಸುಮಾರು ಶೇ. 5 ಕಡಿಮೆ. 2014ರಲ್ಲಿ ಪ್ರಕಟವಾದ, ಯುರೋಪಿನ 9 ದೇಶಗಳ 300 ಆಸ್ಪತ್ರೆಗಳ ಅಧ್ಯಯನದಲ್ಲಿ ಈ ಇಳಿಕೆ ಶೇ. 7ರಷ್ಟು ಕಂಡಿತು. ಪದವಿಯೊಂದೇ ಕಾರಣವೆಂದು ಇಂಥ ಅಧ್ಯಯನಗಳಿಂದ ಹೇಳಲಾಗದು. ಅದೇ ಯುರೋಪಿನ ಅಧ್ಯಯನದಲ್ಲಿ, ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೂ ಸಾವಿನ ಸಂಭವ ಶೇ. 7 ಏರಿತ್ತು. ಎಷ್ಟೇ ಓದಿದ್ದರೂ ಎಣಿಸಲು ಒಂದು ನಿಮಿಷ ಸಿಗಬೇಕಲ್ಲ!

ನಮ್ಮಲ್ಲಿ 3 ವರ್ಷದ ಜಿಎನ್‌ಎಂ ಡಿಪ್ಲೊಮಾ, 4 ವರ್ಷದ ಬಿಎಸ್ಸಿ ನರ್ಸಿಂಗ್ ಎರಡೂ ಇವೆ. ಜಿಎನ್‌ಎಂ ಮುಗಿಸಿದವರು 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ, ಮುಂದೆ ಎಂಎಸ್ಸಿಗೂ, ಪಾಠ ಹೇಳುವ ಕೆಲಸಕ್ಕೂ, ನರ್ಸಿಂಗ್ ಸೂಪರಿಂಟೆಂಡೆಂಟ್ ಹುದ್ದೆಗೂ ಏರಬಹುದು. ವಾರ್ಡಿನಲ್ಲಿ ವರ್ಷಗಟ್ಟಲೆ ಪಳಗಿದ ಜಿಎನ್‌ಎಂ ನರ್ಸ್‌ಗಳ ಕಣ್ಣು ಬಹಳ ಸೂಕ್ಷ್ಮ; ಅದಕ್ಕೆ ಶಾಸ್ತ್ರವೂ ಕೂಡಿಬಂದರೆ ರೋಗಿಗೇ ಲಾಭ. ಅವರು ಓದಲು ಹೊರಟಾಗ ಸಂಬಳ ಸಹಿತ ರಜೆ ಕೊಡುವುದನ್ನು ಆಸ್ಪತ್ರೆಗಳು ಖರ್ಚೆಂದು ನೋಡಬಾರದು.

ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ಮನೆಯ ಮಗಳನ್ನೋ ಮಗನನ್ನೋ ಸೇರಿಸುವ ಮುನ್ನ ಕಟ್ಟಡ ನೋಡಿ ಮರುಳಾಗಬೇಡಿ. ಕಾಲೇಜಿಗೆ ಸ್ವಂತ ಆಸ್ಪತ್ರೆಯಿದೆಯೇ, ಅಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ, ವಾರ್ಡಿನಲ್ಲಿ ಪಕ್ಕ ನಿಂತು ಕಲಿಸುವ ಶಿಕ್ಷಕರು ಎಷ್ಟು ಮಂದಿ ಎಂದು ಕೇಳಿ. ಉತ್ತರ ಸರಿಬಾರದಿದ್ದರೆ ಬೇರೆ ಕಾಲೇಜು ನೋಡಿ.