ಹೆಸರು ಒಂದೇ, ಹಾಡು ಬೇರೆ

ಒಂದೇ ಊರಿನಲ್ಲಿ ಇಬ್ಬರು ಸುಬ್ರಾಯರಿದ್ದರೆ ಅಂಚೆಯವನಿಗೆ ತೊಡಕು. ಒಬ್ಬರ ಕಾಗದ ಇನ್ನೊಬ್ಬರ ಕೈಸೇರಿದರೆ ನಕ್ಕು ಮರೆಯಬಹುದು. ಹಣವೇ ಕೈತಪ್ಪಿ ಹೋದರೆ ನಗುವುದು ಕಷ್ಟ. ಆದುದರಿಂದಲೇ ನಮ್ಮ ಹಿರಿಯರು ಗುಡ್ಡೆಮನೆ ಸುಬ್ರಾಯ, ಬಯಲುಮನೆ ಸುಬ್ರಾಯ ಎಂದು ಹೆಸರಿನ ಹಿಂದೆ ಮನೆಯನ್ನೂ ಸೇರಿಸಿ ಕರೆಯುತ್ತ ಬಂದರು. ಮನುಷ್ಯರಿಗಿರುವ ಈ ತೊಡಕು ಹಾಡುಗಳಿಗೂ ಉಂಟು. ಪಾಶ್ಚಾತ್ಯರ ಪಾಪ್ ಸಂಗೀತದಲ್ಲಂತೂ ಇದು ದಿನನಿತ್ಯದ ಸಂಗತಿ.

ದಾಸರ ಪದವನ್ನು ನಾವು ಪಲ್ಲವಿಯ ಮೊದಲ ಮಾತಿನಿಂದ ಗುರುತಿಸುತ್ತೇವೆ. ಕರ್ತೃ ಯಾರೆಂಬ ಸಂದೇಹ ಬಂದರೆ ಕೊನೆಯ ನುಡಿಯ ಅಂಕಿತವನ್ನು ನೋಡುತ್ತೇವೆ. ಚಲನಚಿತ್ರಗೀತೆಗೂ ಮೊದಲ ಸಾಲೇ ಹೆಸರು. ಪಾಪ್ ಹಾಡಿನ ರೀತಿ ಬೇರೆ. ಅದಕ್ಕೆ ಪ್ರತ್ಯೇಕವಾದ ಶೀರ್ಷಿಕೆಯಿರುತ್ತದೆ. ಧ್ವನಿಮುದ್ರಿಕೆಯ ನಡುವಿನ ಚೀಟಿಯಲ್ಲಿ ಅಚ್ಚಾಗುವುದು ಅದೇ. ಬಹಳ ಸಲ ಅದು ಹಾಡಿನಲ್ಲಿ ಮತ್ತೆ ಮತ್ತೆ ಬರುವ ಎರಡು ಮೂರು ಪದಗಳು ಮಾತ್ರ. ಅಂಗಡಿಗೆ ಬಂದ ಗ್ರಾಹಕನ ನಾಲಗೆಯ ಮೇಲೆ ನಿಲ್ಲಬೇಕಾದ ಹೆಸರು ಚಿಕ್ಕದಾಗಿಯೇ ಇರಬೇಕಷ್ಟೆ! ಪ್ರೇಮ, ವಿರಹ, ಹೃದಯಗಳ ಸುತ್ತಲೇ ಸುಳಿಯುವ ಹಾಡುಗಳಿಗೆ ದೊರೆಯುವ ಚಿಕ್ಕ ಮಾತುಗಳಾದರೂ ಎಷ್ಟು? ಒಬ್ಬರು ಇಟ್ಟ ಹೆಸರನ್ನೇ ಇನ್ನೊಬ್ಬರೂ ಇಡುವುದು ಅನಿವಾರ್ಯವಾಗುತ್ತದೆ.

ಇದಕ್ಕೆ ಪ್ರಸಿದ್ಧವಾದ ನಿದರ್ಶನ 'ದಿ ಪವರ್ ಆಫ್ ಲವ್', ಎಂದರೆ 'ಪ್ರೇಮದ ಶಕ್ತಿ'. ಇಂಗ್ಲೆಂಡಿನ ಲಿವರ್‌ಪೂಲಿನ 'ಫ್ರಾಂಕಿ ಗೋಸ್ ಟು ಹಾಲಿವುಡ್' ತಂಡದ ಈ ಹೆಸರಿನ ಹಾಡು 1984ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದು ನಿಧಾನಗತಿಯ ಗಂಭೀರ ಗೀತೆ. ಅದರ ದೃಶ್ಯಚಿತ್ರದಲ್ಲಿ ಯೇಸುವಿನ ಜನನದ ಕಥೆಯನ್ನು ತೋರಿಸಿದ್ದರಿಂದ ಇಂದಿಗೂ ಅಲ್ಲಿ ಅದನ್ನು ಕ್ರಿಸ್ಮಸ್ ಹಾಡುಗಳ ಸಾಲಿನಲ್ಲಿ ಎಣಿಸುವವರಿದ್ದಾರೆ.

ವರ್ಷ ತುಂಬುವ ಮೊದಲೇ ಅದೇ ಹೆಸರಿನ ಇನ್ನೊಂದು ಹಾಡು ಅಮೆರಿಕೆಯಲ್ಲಿ ಗೆದ್ದಿತು. 'ಬ್ಯಾಕ್ ಟು ದಿ ಫ್ಯೂಚರ್' ಎಂಬ ಚಲನಚಿತ್ರಕ್ಕಾಗಿ ಹ್ಯೂಯಿ ಲೂಯಿಸ್ ಮತ್ತು ಅವರ 'ದಿ ನ್ಯೂಸ್' ತಂಡ ಹಾಡಿದ ಈ ಗೀತೆ 1985ರ ಆಗಸ್ಟಿನಲ್ಲಿ ಅಲ್ಲಿನ ಪಟ್ಟಿಯ ಶಿಖರದಲ್ಲಿತ್ತು. ಇದರಲ್ಲಿ ಗಾಂಭೀರ್ಯವಿಲ್ಲ, ಗಿಟಾರಿನ ಅಬ್ಬರ, ಹರೆಯದ ಹುರುಪು.

ಅದೇ ವರ್ಷದ ಅಕ್ಟೋಬರಿನಲ್ಲಿ ಮೂರನೆಯದು ಬಂದಿತು. ನ್ಯೂಯಾರ್ಕಿನಲ್ಲಿ ಹುಟ್ಟಿ ಜರ್ಮನಿಯಲ್ಲಿ ಹಾಡುತ್ತಿದ್ದ ಜೆನಿಫರ್ ರಶ್ ಅವರ 'ದಿ ಪವರ್ ಆಫ್ ಲವ್' ಬ್ರಿಟನ್ನಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಆ ದೇಶದಲ್ಲಿ ಹತ್ತು ಲಕ್ಷ ಪ್ರತಿ ಮಾರಾಟವಾದ ಮೊತ್ತಮೊದಲ ಏಕಗಾಯಕಿಯ ಮುದ್ರಿಕೆ ಎಂಬ ಕೀರ್ತಿಯನ್ನೂ ಪಡೆಯಿತು. ಮೂರಕ್ಕೂ ರಾಗ ಬೇರೆ, ಮಾತು ಬೇರೆ, ಭಾವ ಬೇರೆ. ಆ ದಿನಗಳಲ್ಲಿ ಅಂಗಡಿಗೆ ಹೋಗಿ ಹಾಡಿನ ಹೆಸರನ್ನಷ್ಟೇ ಹೇಳಿದವನು ಯಾವುದನ್ನು ಮನೆಗೆ ತಂದಾನು?

ಕಥೆ ಇಲ್ಲಿಗೆ ಮುಗಿಯಲಿಲ್ಲ. 1994ರಲ್ಲಿ ಕೆನಡಾದ ಸೆಲೀನ್ ಡಿಯೋನ್ ಅವರು 'ದಿ ಪವರ್ ಆಫ್ ಲವ್' ಹಾಡಿ ಅಮೆರಿಕೆಯಲ್ಲಿ ಮೊದಲ ಸ್ಥಾನಕ್ಕೆ ಬಂದರು. ಇದು ನಾಲ್ಕನೆಯ ಹಾಡೆಂದು ವಾಚಕರು ಭಾವಿಸಬಾರದು. ಅವರು ಹಾಡಿದ್ದು ಜೆನಿಫರ್ ರಶ್ ಅವರ ಹಾಡನ್ನೇ. ರಶ್ ಅವರ ಕಂಠದಲ್ಲಿ ಅಮೆರಿಕೆಯಲ್ಲಿ 57ನೆಯ ಸ್ಥಾನವನ್ನು ದಾಟದ ಗೀತೆ ಇನ್ನೊಬ್ಬರ ಕಂಠದಲ್ಲಿ ಶಿಖರವೇರಿತು.

'ವೀನಸ್' ಎಂಬ ಹೆಸರಿನದೂ ಇಂಥದೇ ಕಥೆ. 1959ರಲ್ಲಿ ಫ್ರಾಂಕಿ ಅವಲಾನ್ ಹಾಡಿದ್ದು ಒಂದು 'ವೀನಸ್'. 1970ರಲ್ಲಿ ಅಮೆರಿಕೆಯಲ್ಲಿ ಗೆದ್ದ, ಹಾಲೆಂಡಿನ 'ಶಾಕಿಂಗ್ ಬ್ಲೂ' ತಂಡದ್ದು ಬೇರೆಯೇ 'ವೀನಸ್'. 1986ರಲ್ಲಿ 'ಬನಾನರಾಮ' ಎಂಬ ಮೂವರು ಯುವತಿಯರ ತಂಡ ಹಾಡಿದ್ದು ಆ ಡಚ್ಚರ ಹಾಡನ್ನು. ಮೂರೂ ಅಮೆರಿಕೆಯಲ್ಲಿ ಮೊದಲ ಸ್ಥಾನ ಕಂಡವು. ಹಾಡು ಮಾತ್ರ ಎರಡೇ. 1984ರಲ್ಲಿ ಲಯನಲ್ ರಿಚಿ, 2015ರಲ್ಲಿ ಅಡೆಲ್ 'ಹೆಲೋ' ಎಂದು ಹಾಡಿ ಜಗತ್ತನ್ನು ಗೆದ್ದರು. ಆ ಎರಡು ಹಾಡುಗಳಿಗೆ ಪರಸ್ಪರ ಸಂಬಂಧವೇ ಇಲ್ಲ.

ಹಾಗಾದರೆ ಮೊದಲು ಹೆಸರಿಟ್ಟವರು ತಕರಾರು ಮಾಡಬಾರದೇ? ಮಾಡಿ ಫಲವಿಲ್ಲ. ಹಾಡಿನ ಸಾಹಿತ್ಯಕ್ಕೂ ಸ್ವರಸಂಯೋಜನೆಗೂ ಕೃತಿಸ್ವಾಮ್ಯವುಂಟು. ಬರಿಯ ಶೀರ್ಷಿಕೆಗೆ ಇಲ್ಲ. ಅಮೆರಿಕೆಯ ಕೃತಿಸ್ವಾಮ್ಯದ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೂ 2015ರಲ್ಲಿ 'ದೇಸಿ ಬಾಯ್ಸ್' ಎಂಬ ಹಿಂದಿ ಚಿತ್ರದ ಹೆಸರಿನ ವ್ಯಾಜ್ಯದಲ್ಲಿ ಇದೇ ಅಭಿಪ್ರಾಯವನ್ನು ತಳೆಯಿತು. 'ಪ್ರೇಮ' ಎಂಬ ಮಾತನ್ನು ಒಬ್ಬನಿಗೆ ಬರೆದುಕೊಟ್ಟರೆ ಉಳಿದವರು ಹಾಡುವುದೇನನ್ನು?

ಹೆಸರು ಸಾರ್ವಜನಿಕ ಬಾವಿಯ ನೀರು, ಯಾರೂ ಸೇದಬಹುದು. ಹಾಡು ಹಾಗಲ್ಲ. ಸೆಲೀನ್ ಡಿಯೋನ್ ಅವರ ಮುದ್ರಿಕೆ ಮಾರಾಟವಾದಾಗ ಆ ಗೀತೆಯನ್ನು ರಚಿಸಿದವರಿಗೆ ಗೌರವಧನ ಸಲ್ಲಬೇಕು. ರಚಿಸಿದ ನಾಲ್ವರಲ್ಲಿ ಜೆನಿಫರ್ ರಶ್ ಕೂಡ ಒಬ್ಬರು. ಹ್ಯೂಯಿ ಲೂಯಿಸ್ ಅವರಿಂದ ಇವರಿಗಾಗಲೀ ಇವರಿಂದ ಅವರಿಗಾಗಲೀ ಕಾಸೂ ಸಲ್ಲಬೇಕಾಗಿಲ್ಲ. ಲೆಕ್ಕ ಬರೆಯುವವನು ಹೆಸರನ್ನಷ್ಟೇ ನೋಡಿದರೆ ಒಬ್ಬರ ದುಡಿಮೆಯ ಫಲ ಇನ್ನೊಬ್ಬರ ಮನೆ ಸೇರುತ್ತದೆ. ಈ ಅನ್ಯಾಯವನ್ನು ತಡೆಯಲೆಂದೇ ಇಂದು ಸಂಗೀತಕೃತಿಗಳಿಗೆ ಅಂತರರಾಷ್ಟ್ರೀಯ ಸಂಕೇತಸಂಖ್ಯೆಗಳನ್ನು ಕೊಡುತ್ತಾರೆ. ಕೃತಿಗೆ ಒಂದು ಸಂಖ್ಯೆ, ಅದರ ಪ್ರತಿಯೊಂದು ಧ್ವನಿಮುದ್ರಣಕ್ಕೆ ಬೇರೊಂದು ಸಂಖ್ಯೆ. ಗುಡ್ಡೆಮನೆ, ಬಯಲುಮನೆಗಳ ಉಪಾಯವೇ ಅಲ್ಲಿ ಅಂಕಿಗಳ ರೂಪ ತಾಳಿದೆ.

ನಮ್ಮ ಮನೆಯ ಮಕ್ಕಳು ಈಗ ಕೈಯಲ್ಲಿರುವ ಫೋನಿಗೆ ಹೆಸರು ಹೇಳಿ ಹಾಡನ್ನು ತರಿಸಿಕೊಳ್ಳುತ್ತಾರೆ. ಹಾಡಿದವರ ಹೆಸರು ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. ಬರೆದವರ, ಸ್ವರ ಹಾಕಿದವರ ಹೆಸರನ್ನು ಹುಡುಕಿ ನೋಡಬೇಕು. ಪುರಂದರದಾಸರ ಕೀರ್ತನೆಯನ್ನು ಯಾರೇ ಹಾಡಲಿ, ಕೊನೆಯಲ್ಲಿ 'ಪುರಂದರವಿಠಲ' ಎಂಬ ಅಂಕಿತ ಬಂದೇ ಬರುತ್ತದೆ. ಹಾಡುಗಾರ ಬಯಸಿದರೂ ಮರೆಮಾಚಲಾರ. ಈ ಹೊಸ ಹಾಡುಗಳಿಗೆ ಆ ಭಾಗ್ಯವಿಲ್ಲ. ಆದುದರಿಂದ ಮೆಚ್ಚಿದ ಹಾಡನ್ನು ಮತ್ತೊಮ್ಮೆ ಕೇಳುವ ಮೊದಲು, ಅದನ್ನು ಬರೆದವರಾರೆಂದು ಮಕ್ಕಳಿಗೆ ಒಮ್ಮೆ ಹುಡುಕಿ ಓದಲು ಹೇಳೋಣ. ಅವರಿಗೆ ಸಲ್ಲಬೇಕಾದುದರಲ್ಲಿ ನಮ್ಮ ಕೈಯಿಂದ ಕೊಡಲಾಗುವುದು ಅಷ್ಟು.